ಚಿತ್ರಕಲಾ ಪದವಿಯ ಬುನಾದಿ ವರ್ಷ

ಪಿ.ಯು.ಸಿ. ಫಲಿತಾಂಶ ಪ್ರಕಟವಾದೊಡನೆ ನಮ್ಮ ಮನೆಮನೆಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ವೈದ್ಯಕೀಯವೋ, ಎಂಜಿನಿಯರಿಂಗೋ, ವಾಣಿಜ್ಯವೋ ಎಂದು ಹಿರಿಯರು ಲೆಕ್ಕ ಹಾಕುತ್ತಿರುವಾಗ ಮಗನೋ ಮಗಳೋ 'ನಾನು ಚಿತ್ರಕಲೆ ಕಲಿಯುತ್ತೇನೆ' ಎಂದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಕೆಲವು ಮನೆಗಳಲ್ಲಿ ಆ ಮಾತಿಗೆ ಮನ್ನಣೆ ದೊರೆತು ಮಕ್ಕಳು ಕಲಾ ಮಹಾವಿದ್ಯಾಲಯವನ್ನು ಸೇರುವುದೂ ಉಂಟು. ಆದರೆ ಸೇರಿದ ಮೇಲೆ ಇನ್ನೊಂದು ಸಂಶಯ ತಲೆಯೆತ್ತುತ್ತದೆ. 'ನಮ್ಮ ಹುಡುಗ ಶಾಲೆಯಲ್ಲಿದ್ದಾಗಲೇ ಚಿತ್ರಕ್ಕೆ ಬಹುಮಾನ ಪಡೆದವನು. ಅವನಿಗೆ ಗೆರೆ ಎಳೆಯುವುದರಿಂದ ಮತ್ತೆ ಆರಂಭಿಸುತ್ತಾರಂತೆ! ಒಂದು ವರ್ಷ ವ್ಯರ್ಥವಾಯಿತಲ್ಲ!' ಎಂದು ತಾಯಿತಂದೆಗಳು ಕೊರಗುತ್ತಾರೆ. ಈ ಕೊರಗಿನಿಂದಲೇ ನಡುವರ್ಷದಲ್ಲಿ ಓದು ಬಿಡಿಸಿದ ಮನೆಗಳನ್ನೂ ನಾವು ಕಂಡಿದ್ದೇವೆ. ಆದಕಾರಣ ಈ ಮೊದಲ ವರ್ಷದಲ್ಲಿ ಏನು ನಡೆಯುತ್ತದೆ, ಅದು ಏಕೆ ಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ನಮ್ಮ ನಾಡಿನಲ್ಲಿ ಚಿತ್ರಕಲೆಯ ಪದವಿ ಸಾಮಾನ್ಯವಾಗಿ ನಾಲ್ಕು ವರ್ಷಗಳದು. ಕರ್ನಾಟಕದಲ್ಲಿ ಇದನ್ನು ಬಿ.ವಿ.ಎ. ಎಂದೂ ಬೇರೆ ಅನೇಕ ಕಡೆಗಳಲ್ಲಿ ಬಿ.ಎಫ್.ಎ. ಎಂದೂ ಕರೆಯುತ್ತಾರೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜು, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಮೊದಲಾದವು ಈ ಶಿಕ್ಷಣಕ್ಕೆ ಹೆಸರಾಗಿವೆ. ಮೊದಲ ವರ್ಷದಲ್ಲಿ ಎಲ್ಲರಿಗೂ ಒಂದೇ ಪಾಠ. ವರ್ಣಚಿತ್ರ, ಶಿಲ್ಪ, ಮುದ್ರಣಕಲೆ, ಅನ್ವಯಿಕ ಕಲೆ, ಕಲಾ ಇತಿಹಾಸ ಎಂಬ ಕವಲುಗಳು ಒಡೆಯುವುದು ಅನಂತರ. ಈ ಮೊದಲ ವರ್ಷಕ್ಕೇ ಫೌಂಡೇಶನ್ ಅಥವಾ ಬುನಾದಿ ವರ್ಷವೆಂದು ಹೆಸರು.

ಈ ಕ್ರಮ ಎಲ್ಲಿಂದ ಬಂದಿತು? ನಮ್ಮ ಹಳೆಯ ಪದ್ಧತಿಯಲ್ಲಿ ಶಿಲ್ಪಿಯ ಮಗ ಮೊದಲು ಉಳಿ ಮಸೆಯುತ್ತಿದ್ದ. ಚಿತ್ರಕಾರನ ಶಿಷ್ಯ ಬಣ್ಣ ಅರೆಯುತ್ತಿದ್ದ. ಕೈಗೆ ಕೆಲಸ ಬರುವ ಮುನ್ನ ಸಾಮಗ್ರಿಯ ಪರಿಚಯವಾಗಬೇಕೆಂಬುದು ಅಲ್ಲಿನ ನಿಯಮ. ಆಂಗ್ಲರ ಕಾಲದಲ್ಲಿ ಮದರಾಸು, ಕಲ್ಕತ್ತೆ, ಮುಂಬಯಿಗಳಲ್ಲಿ 1850ರಿಂದ 1857ರೊಳಗೆ ಕಲಾಶಾಲೆಗಳು ತೆರೆದವು. ಅಂದಿನ ಅಂತಹ ಶಾಲೆಗಳಲ್ಲಿ ಮಾದರಿಯನ್ನು ಮುಂದಿಟ್ಟುಕೊಂಡು ಯಥಾವತ್ತಾಗಿ ನಕಲು ಮಾಡುವುದೇ ಮುಖ್ಯ ಅಭ್ಯಾಸವಾಗಿತ್ತು. ಇಂದಿನ ಬುನಾದಿ ಪಾಠದ ಒಂದು ಪ್ರಧಾನ ಬೇರು ಜರ್ಮನಿಯಲ್ಲಿದೆ. ವೈಮಾರ್ ನಗರದಲ್ಲಿ 1919ರಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಬೌಹೌಸ್ ಎಂಬ ಕಲಾಶಾಲೆಯನ್ನು ಸ್ಥಾಪಿಸಿದರು. ಅಲ್ಲಿ ಜೋಹಾನೆಸ್ ಇಟ್ಟನ್ ಎಂಬ ಸ್ವಿಸ್ ಕಲಾವಿದರು ಆರು ತಿಂಗಳ ಪ್ರಾರಂಭಿಕ ಪಾಠವೊಂದನ್ನು ರೂಪಿಸಿದರು. ಮರ, ಕಲ್ಲು, ಬಟ್ಟೆ, ಗಾಜುಗಳನ್ನು ಮುಟ್ಟಿ ನೋಡಿ ಅವುಗಳ ಗುಣವನ್ನು ಅರಿಯುವುದು, ಬಣ್ಣ ಬಣ್ಣಗಳ ಸಂಬಂಧವನ್ನು ತಿಳಿಯುವುದು, ಹಿಂದೆ ರೂಢಿಯಾದ ಕೈಚಳಕವನ್ನು ಬದಿಗಿಡುವುದು ಆ ಪಾಠದ ಉದ್ದೇಶವಾಗಿತ್ತು.

ಇಟ್ಟನ್ನರ ತರುವಾಯ ಈ ಪಾಠವನ್ನು ಹೇಳಿದವರಲ್ಲಿ ಜೋಸೆಫ್ ಆಲ್ಬರ್ಸ್ ಪ್ರಮುಖರು. ಇಬ್ಬರೂ ಮೊದಲು ಚಿಕ್ಕ ಮಕ್ಕಳಿಗೆ ಪಾಠ ಹೇಳಿದ ಶಾಲಾ ಮಾಸ್ತರರು ಎಂಬುದು ಗಮನಾರ್ಹ. ಆಲ್ಬರ್ಸರು ತರಗತಿಗೆ ಹಳೆಯ ದಿನಪತ್ರಿಕೆಗಳ ಕಟ್ಟನ್ನು ತಂದು, ಚೂರೂ ವ್ಯರ್ಥವಾಗದಂತೆ ಇದರಿಂದ ಏನನ್ನಾದರೂ ಮಾಡಿರಿ ಎಂದು ಹೇಳಿ ಹೊರಗೆ ಹೋದರಂತೆ. ಹಲವರು ಕೋಟೆ, ವಿಮಾನ, ಪ್ರಾಣಿಗಳನ್ನು ಮಾಡಿಟ್ಟರು. ಗುರುಗಳು ಮೆಚ್ಚಿದ್ದು, ಹಾಳೆಯನ್ನು ಉದ್ದಕ್ಕೆ ಮಡಿಸಿ ನೆಟ್ಟಗೆ ನಿಲ್ಲಿಸಿದ ಒಬ್ಬನ ಕೆಲಸವನ್ನು. ಮೆತ್ತಗೆ ಬಿದ್ದಿರುವ ಕಾಗದ ಒಂದು ಮಡಿಕೆಯಿಂದ ನಿಲ್ಲುವ ಬಲ ಪಡೆಯುತ್ತದೆ ಎಂಬುದನ್ನು ಆತ ಕಂಡುಕೊಂಡಿದ್ದ. ಬುನಾದಿ ವರ್ಷದ ತಿರುಳು ಈ ಒಂದು ಪಾಠದಲ್ಲಿ ಅಡಗಿದೆ.

ಈ ವಿಚಾರಗಳಿಗೂ ಭಾರತಕ್ಕೂ ಬಹು ಬೇಗನೆ ನಂಟು ಬೆಳೆಯಿತು. ಬೌಹೌಸ್ ಕಲಾವಿದರ ಕೃತಿಗಳು 1922ರ ಡಿಸೆಂಬರಿನಲ್ಲಿಯೇ ಕಲ್ಕತ್ತೆಯಲ್ಲಿ ಪ್ರದರ್ಶನಗೊಂಡವು. ಬೌಹೌಸ್ ಹುಟ್ಟಿದ 1919ರಲ್ಲಿಯೇ ಶಾಂತಿನಿಕೇತನದ ಕಲಾಭವನವೂ ಹುಟ್ಟಿತ್ತು. ಅಲ್ಲಿ ನಂದಲಾಲ ಬೋಸರು ಗಿಡಮರ, ಹಳ್ಳಿಯ ಬದುಕುಗಳನ್ನು ನೋಡಿ ಬರೆಯುವ ಅಭ್ಯಾಸವನ್ನು ಶಿಷ್ಯರಲ್ಲಿ ಬೆಳೆಸಿದರು. ಬಡೋದೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1950ರಲ್ಲಿ ಲಲಿತಕಲಾ ವಿಭಾಗ ಆರಂಭವಾಗಿ, ಚಿತ್ರಕಲೆಗೆ ವಿಶ್ವವಿದ್ಯಾಲಯದ ಪದವಿಯ ಗೌರವ ದೊರೆಯಿತು. ಎನ್.ಎಸ್. ಬೇಂದ್ರೆ, ಕೆ.ಜಿ. ಸುಬ್ರಮಣ್ಯನ್ ಅವರಂತಹ ಗುರುಗಳು ಅಲ್ಲಿ ಪಾಠ ಹೇಳಿದರು.

ಇನ್ನು ತರಗತಿಯೊಳಗೆ ಏನು ನಡೆಯುತ್ತದೆಂಬುದನ್ನು ನೋಡೋಣ. ಮೊದಲನೆಯದು ರೇಖಾಭ್ಯಾಸ. ಗುರುಗಳು ಮೇಜಿನ ಮೇಲೆ ಒಂದು ಚೊಂಬನ್ನು ಇಡುತ್ತಾರೆ. ಚೊಂಬಿನ ಬಾಯಿ ದುಂಡಗಿದೆ ಎಂದು ನಮಗೆಲ್ಲ ತಿಳಿದಿದೆ. ಹೊಸ ವಿದ್ಯಾರ್ಥಿ ಆ ತಿಳಿವಳಿಕೆಯಿಂದಲೇ ದುಂಡಗೆ ಬರೆದುಬಿಡುತ್ತಾನೆ. ಆದರೆ ಕಣ್ಣಿಗೆ ಕಾಣುವುದು ದುಂಡಲ್ಲ. ಚೊಂಬನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಅದರ ಬಾಯಿ ಒಂದು ಗೆರೆಯಂತೆ ಕಾಣುತ್ತದೆ. ಕೆಳಗಿಳಿಸಿದಂತೆ ಮೊಟ್ಟೆಯಾಕಾರವಾಗಿ ತೆರೆಯುತ್ತಾ ಹೋಗುತ್ತದೆ. ಅಂದರೆ ನಾವು ವಸ್ತುವನ್ನು ನೋಡಿ ಬರೆಯುತ್ತಿಲ್ಲ, ಮನಸ್ಸಿನಲ್ಲಿರುವ ಅದರ ಹೆಸರನ್ನು ಬರೆಯುತ್ತಿದ್ದೇವೆ ಎಂದಾಯಿತು. ಹೆಸರನ್ನು ಮರೆತು ವಸ್ತುವನ್ನು ಕಾಣುವ ಈ ಅಭ್ಯಾಸ ಒಂದೆರಡು ದಿನಗಳಲ್ಲಿ ಸಾಧಿಸುವಂಥದಲ್ಲ. ಎಷ್ಟೋ ಸಲ ಶಾಲೆಯಲ್ಲಿ ಬಹುಮಾನ ಪಡೆದವರಿಗೇ ಇದು ಹೆಚ್ಚು ಕಷ್ಟವಾಗುತ್ತದೆ; ಏಕೆಂದರೆ ಅವರ ಕೈಗೆ ಸಿದ್ಧರೂಪಗಳು ಆಗಲೇ ಅಂಟಿಕೊಂಡಿರುತ್ತವೆ.

ಎರಡನೆಯದು ವರ್ಣಾಭ್ಯಾಸ. ಕೆಂಪು, ಹಳದಿ, ನೀಲಿಗಳಿಂದ ವರ್ಣಚಕ್ರವನ್ನು ರಚಿಸುವುದು, ಒಂದೇ ಬಣ್ಣವನ್ನು ತಿಳಿಯಿಂದ ಗಾಢದವರೆಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಸುವುದು, ಇವುಗಳಲ್ಲಿಯೇ ವಾರಗಳು ಕಳೆಯುತ್ತವೆ. ಒಂದೇ ಬೂದುಬಣ್ಣದ ಎರಡು ಚೂರುಗಳನ್ನು ಒಂದನ್ನು ಕೆಂಪಿನ ಮೇಲೆ, ಇನ್ನೊಂದನ್ನು ಹಸಿರಿನ ಮೇಲೆ ಅಂಟಿಸಿದರೆ ಎರಡೂ ಬೇರೆ ಬೇರೆ ಬೂದುಗಳಂತೆ ತೋರುತ್ತವೆ. ಇದರ ಕಾರಣವನ್ನು ಶೋಧಿಸಿದವರು ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್. ಅವರು ಪ್ಯಾರಿಸ್ಸಿನ ಗೋಬೆಲಾಂ ನೇಯ್ಗೆಶಾಲೆಯ ಬಣ್ಣದ ವಿಭಾಗದ ಮುಖ್ಯಸ್ಥರಾಗಿದ್ದರು. ಕಪ್ಪು ನೂಲು ಮಂಕಾಗಿದೆ ಎಂದು ದೂರು ಬಂದಾಗ ಪರೀಕ್ಷಿಸಿ, ದೋಷ ನೂಲಿನ ಬಣ್ಣದಲ್ಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣದ ಪ್ರಭಾವದಲ್ಲಿದೆ ಎಂದು ಅವರು ಕಂಡುಹಿಡಿದರು. 1839ರಲ್ಲಿ ಈ ವಿಷಯವಾಗಿ ಗ್ರಂಥವನ್ನೇ ಪ್ರಕಟಿಸಿದರು. ಇಳಕಲ್ ಸೀರೆಯ ಒಡಲಿನ ಪಕ್ಕದಲ್ಲಿ ಅದರ ಕೆಂಪು ಅಂಚು ಏಕೆ ಅಷ್ಟು ಎದ್ದು ಕಾಣುತ್ತದೆ ಎಂಬುದನ್ನು ಬಲ್ಲ ನಮ್ಮ ತಾಯಂದಿರಿಗೆ ಈ ಪಾಠ ಅಪರಿಚಿತವೆನಿಸಲಾರದು.

ಮೂರನೆಯದು ಮಣ್ಣು, ತಂತಿ, ಕಾಗದ, ಗಾರೆಗಳಿಂದ ಆಕಾರಗಳನ್ನು ಕಟ್ಟುವ ಅಭ್ಯಾಸ. ಚಿತ್ರಕ್ಕೆ ಒಂದೇ ಮುಖ; ಮಣ್ಣಿನ ರೂಪಕ್ಕೆ ಸುತ್ತಲೂ ಮುಖ. ನಾಲ್ಕನೆಯದು ಮುದ್ರಣದ ಪರಿಚಯ. ಲಿನೋಲಿಯಂ ಹಾಳೆಯ ಮೇಲೆ 'ಅ' ಎಂದು ಕೊರೆದು ಮಸಿ ಹಚ್ಚಿ ಒತ್ತಿದರೆ ಅಕ್ಷರ ತಿರುಗುಮುರುಗಾಗಿ ಬರುತ್ತದೆ. ಆಗ ವಿದ್ಯಾರ್ಥಿಗೆ, ತಾನು ದಿನವೂ ಬರೆಯುವ ಅಕ್ಷರದ ಆಕಾರವನ್ನೇ ಸರಿಯಾಗಿ ನೋಡಿರಲಿಲ್ಲವೆಂಬ ಅರಿವಾಗುತ್ತದೆ. ಇವುಗಳ ಜೊತೆಗೆ ಕಲೆಯ ಇತಿಹಾಸ, ಭಾಷಾ ಪಾಠಗಳು ಇದ್ದೇ ಇರುತ್ತವೆ. ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯಕ್ಕೆ ಮುನ್ನ ಅಮರಕೋಶ ಮತ್ತು ಶಬ್ದರೂಪಗಳನ್ನು, ಸಂಗೀತದಲ್ಲಿ ಕೀರ್ತನೆಗೆ ಮುನ್ನ ಸರಳೆ ಜಂಟಿಗಳನ್ನು ಕಲಿಸುವುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ.

ಕೆಲವು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಒಂದು ಕಲಾ ಕಾಲೇಜಿನ ವರ್ಷಾಂತ್ಯದ ಪ್ರದರ್ಶನಕ್ಕೆ ನಾವು ಹೋಗಿದ್ದೆವು. ಹಳ್ಳಿಯಿಂದ ಬಂದ ರೈತರೊಬ್ಬರು ಅಧ್ಯಾಪಕರೊಡನೆ ಮಾತನಾಡುತ್ತಿದ್ದರು. 'ಸರ, ನಮ್ಮ ಹುಡುಗಿ ವರ್ಷಪೂರ್ತಿ ಚೊಂಬು, ಚಪ್ಪಲಿ ಬರದಾಳ. ಇದಕ್ಕ ಇಷ್ಟು ರೊಕ್ಕ ಯಾಕ ಸುರಿಬೇಕ್ರಿ?' ಎಂಬುದು ಅವರ ಪ್ರಶ್ನೆ. ಅಧ್ಯಾಪಕರು ನಕ್ಕು, 'ಯಜಮಾನರ, ನೀವು ಬಿತ್ತೂಕಿಂತ ಮೊದಲ ಹೊಲಾ ಎಷ್ಟು ಸಲ ಹರಗತೀರಿ?' ಎಂದರು. 'ಮೂರ್ನಾಕು ಸಲರೆ ಹರಗಬೇಕ್ರಿ.' 'ಹರಗೂ ಮುಂದ ಹೊಲದಾಗ ಬೆಳಿ ಏನರ ಕಾಣತೈತೇನ್ರಿ?' ರೈತರು ಉತ್ತರ ಕೊಡಲಿಲ್ಲ. ಮಗಳು ಅವರನ್ನು ಗೋಡೆಯ ಬಳಿಗೆ ಕರೆದೊಯ್ದಳು. ಅಲ್ಲಿ ಎರಡು ಹಾಳೆಗಳಿದ್ದವು. ಮೊದಲ ತಿಂಗಳಲ್ಲಿ ಬರೆದದ್ದು ಅಂಗಡಿಯ ಜಾಹೀರಾತಿನ ಚಪ್ಪಲಿಯಂತೆ ನುಣುಪಾಗಿತ್ತು. ಕೊನೆಯ ತಿಂಗಳದರಲ್ಲಿ ಹಿಮ್ಮಡಿ ಒಂದು ಬದಿಗೆ ಸವೆದು, ಉಂಗುಟದ ಹತ್ತಿರ ಹೊಲಿಗೆ ಹಾಕಿದ ಮೆಟ್ಟುಗಳಿದ್ದವು. ಅವರು ಬಹಳ ಹೊತ್ತು ನೋಡಿ, 'ಇವು ನನ್ನವು' ಎಂದಷ್ಟೇ ಹೇಳಿದರು. ರೊಕ್ಕದ ಮಾತು ಮತ್ತೆ ಬರಲಿಲ್ಲ.

ಬುನಾದಿ ವರ್ಷದ ಇನ್ನೊಂದು ಉಪಕಾರವೆಂದರೆ ಕವಲಿನ ಆಯ್ಕೆ. ಹದಿನೆಂಟರ ವಯಸ್ಸಿನಲ್ಲಿ ಬಹುತೇಕ ಮಕ್ಕಳಿಗೆ ಗೊತ್ತಿರುವುದು ವರ್ಣಚಿತ್ರ ಒಂದೇ. ವರ್ಷವಿಡೀ ಎಲ್ಲ ಸಾಮಗ್ರಿಗಳನ್ನೂ ಮುಟ್ಟಿ ನೋಡಿದ ಮೇಲೆ ಒಬ್ಬನ ಕೈ ಮಣ್ಣಿನಲ್ಲಿ ಪಳಗಿದೆಯೆಂದೂ ಇನ್ನೊಬ್ಬಳ ಬುದ್ಧಿ ಅಕ್ಷರವಿನ್ಯಾಸದಲ್ಲಿ ಓಡುತ್ತದೆಯೆಂದೂ ಗೊತ್ತಾಗುತ್ತದೆ. ಉದ್ಯೋಗ ಬೇಗ ದೊರೆಯುತ್ತದೆಂದು ಪ್ರವೇಶದ ದಿನವೇ 'ಅನ್ವಯಿಕ ಕಲೆಯನ್ನೇ ತೆಗೆದುಕೋ' ಎಂದು ಒತ್ತಾಯಿಸುವ ಹಿರಿಯರು ಈ ಒಂದು ವರ್ಷ ತಾಳುವುದು ಲೇಸು. ಗಿಡದ ಜಾತಿ ತಿಳಿಯುವ ಮುನ್ನ ಚಪ್ಪರ ಹಾಕಿದರೆ ಫಲವೇನು?

ಹೊಟ್ಟೆಪಾಡಿನ ಮಾತನ್ನು ಮರೆಮಾಚುವುದು ಸರಿಯಲ್ಲ. ಚಿತ್ರ ಬರೆದೇ ಬದುಕುವವರು ಕಡಿಮೆ. ಹೆಚ್ಚಿನವರು ಶಾಲೆಯ ಚಿತ್ರಕಲಾ ಶಿಕ್ಷಕರಾಗಿ, ಜಾಹೀರಾತು, ಪುಸ್ತಕ ವಿನ್ಯಾಸ, ಜವಳಿ ವಿನ್ಯಾಸ, ಅನಿಮೇಶನ್, ವಸ್ತುಸಂಗ್ರಹಾಲಯಗಳ ಕೆಲಸದಲ್ಲಿ ನೆಲೆ ಕಂಡುಕೊಳ್ಳುತ್ತಾರೆ. ಕಲಬುರ್ಗಿಯ ಎಸ್.ಎಂ. ಪಂಡಿತರು ಕ್ಯಾಲೆಂಡರು ಮತ್ತು ಚಲನಚಿತ್ರದ ಭಿತ್ತಿಚಿತ್ರಗಳಿಂದಲೇ ದೇಶದ ಮನೆಮನೆಯನ್ನು ಮುಟ್ಟಿದರು. ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಅನಂತರ ಪ್ಯಾರಿಸ್ಸಿಗೆ ತೆರಳಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಬಲ್ಲವರೂ ಮೊದಲಿನಿಂದ ಕಲಿಯಲು ನಾಚಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ಇನ್ನೊಂದು ಪ್ರಶ್ನೆಯೂ ಎದ್ದಿದೆ. 2022ರಿಂದೀಚೆಗೆ ನಾಲ್ಕು ಮಾತು ಟೈಪು ಮಾಡಿದರೆ ಕ್ಷಣದಲ್ಲಿ ಚಿತ್ರ ರಚಿಸಿಕೊಡುವ ಕಂಪ್ಯೂಟರ್ ವ್ಯವಸ್ಥೆಗಳು ಜನಸಾಮಾನ್ಯರ ಕೈಗೂ ಬಂದಿವೆ. ಹಾಗಿರುವಾಗ ಕೈಯಿಂದ ಚೊಂಬು ಬರೆಯುವುದೇಕೆ? ನುಣುಪಾದ ಚಿತ್ರವನ್ನು ಯಂತ್ರವು ಸುಲಭವಾಗಿ ಕೊಡಬಲ್ಲುದು. ಆದರೆ ಅದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಗುರುತಿಸಲು ಪಳಗಿದ ಕಣ್ಣೇ ಬೇಕು. ತಮ್ಮ ಮನೆಯವರ ಸವೆದ ಮೆಟ್ಟನ್ನು ತಾವೇ ನೋಡಿ ಬರೆದವರಿಗೆ ಆ ಕಣ್ಣು ಬಂದಿರುತ್ತದೆ.

ಕೊನೆಯಲ್ಲಿ ತಾಯಿತಂದೆಗಳಲ್ಲಿ ನಮ್ಮ ಕೆಲವು ವಿನಂತಿಗಳು. ಕಾಗದ, ಬಣ್ಣ, ಕುಂಚಗಳ ವೆಚ್ಚ ವರ್ಷವಿಡೀ ಇರುತ್ತದೆ. ಶುಲ್ಕದ ಜೊತೆಗೆ ಅದನ್ನೂ ಮೊದಲೇ ಲೆಕ್ಕ ಹಿಡಿಯಿರಿ. ಮಗು ರಜೆಯಲ್ಲಿ ಬಂದಾಗ ದೇವರ ಪಟ ಬರೆದುಕೊಡು, ಮದುವೆಯ ಫಲಕ ಬರೆದುಕೊಡು ಎಂದು ಕೂಡಿಸಬೇಡಿರಿ. ಸಣ್ಣ ಹಾಳೆಯ ಪುಸ್ತಕ ಹಿಡಿದು ಸಂತೆ, ಕಣ, ಬಸ್ ನಿಲ್ದಾಣಗಳಲ್ಲಿ ಕುಳಿತು ನೋಡಿ ಬರೆಯಲು ಬಿಡಿರಿ. ಅರ್ಧ ವರ್ಷದಲ್ಲಿಯೇ ತೀರ್ಪು ಕೊಡಬೇಡಿರಿ. ಬಿಡಿಸಲೇಬೇಕೆಂಬ ಸಂದರ್ಭ ಬಂದರೂ ಮೊದಲು ಅಧ್ಯಾಪಕರೊಡನೆ ಒಮ್ಮೆ ಕುಳಿತು ಮಾತನಾಡಿರಿ. ವರ್ಷದ ಕೊನೆಗೆ ಕಾಲೇಜಿನಲ್ಲಿ ಪ್ರದರ್ಶನವಿದ್ದರೆ ಮನೆಯ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ತಪ್ಪದೆ ಹೋಗಿರಿ. ಮೊದಲ ತಿಂಗಳ ಹಾಳೆಯನ್ನೂ ಕೊನೆಯ ತಿಂಗಳ ಹಾಳೆಯನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಲು ಮಗುವಿಗೆ ಹೇಳಿರಿ. ಆ ಮೇಲೆ ಉಳಿದ ಮೂರು ವರ್ಷಗಳ ಮಾತನ್ನು ಎಲ್ಲರೂ ಕೂಡಿ ಆಡಬಹುದು.