ಉಪ್ಪು ಬೇಡುವ ಹಬ್ಬ

ಹಳೆಯ ವಿದ್ಯಾರ್ಥಿಗಳೂ ಪೋಷಕರೂ ವರ್ಷದಲ್ಲೊಂದು ದಿನ ಶಾಲೆಗೆ ಬಂದು ದೇಣಿಗೆ ಕೊಟ್ಟು ಹೋಗುವುದು ಹೊಸ ಪದ್ಧತಿಯೇನಲ್ಲ. ಇಂಗ್ಲೆಂಡಿನ ಈಟನ್ ವಸತಿ ಶಾಲೆಯಲ್ಲಿ ಇಂಥದೊಂದು ಹಬ್ಬವೇ ಇತ್ತು. ಹೆಸರು ‘ಮಾಂಟೆಮ್’; ‘ಗುಡ್ಡಕ್ಕೆ’ ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು.

ದೊರೆ ಆರನೆಯ ಹೆನ್ರಿ 1440ರಲ್ಲಿ ಈಟನ್ ಕಟ್ಟಿಸಿದ್ದು ಬಡ ಹುಡುಗರಿಗಾಗಿ. ಅವರ ಮುಂದಾಳು ಕೇಂಬ್ರಿಜ್ಜಿಗೆ ಹೊರಟಾಗ ಖರ್ಚಿಗೆ ಹಣ ಬೇಕಷ್ಟೆ? ಅದಕ್ಕಾಗಿ ಹುಡುಗರೆಲ್ಲ ವೇಷ ಕಟ್ಟಿ, ಬಾವುಟ ಹಿಡಿದು, ಸ್ಲೋ ಪಟ್ಟಣದ ಬಳಿಯ ದಿಬ್ಬಕ್ಕೆ ಮೆರವಣಿಗೆ ಹೋಗುತ್ತಿದ್ದರು. ಕೆಲವರು ದಾರಿಗಳಲ್ಲಿ ನಿಂತು ಹೋಗಿಬರುವವರನ್ನು ತಡೆದು ‘ಉಪ್ಪು’ ಎಂದು ಕೇಳುತ್ತಿದ್ದರು. ಮೊದಮೊದಲು ಹಣ ಕೊಟ್ಟವರಿಗೆ ಚಿಟಿಕೆ ಉಪ್ಪನ್ನೇ ಕೊಡುತ್ತಿದ್ದರಂತೆ. ಕ್ರಮೇಣ ಉಪ್ಪಿನ ಜಾಗಕ್ಕೆ ಚೀಟಿ ಬಂತು, ಉಪ್ಪೆಂಬ ಹೆಸರು ಹಣಕ್ಕೇ ಅಂಟಿಕೊಂಡಿತು. ರಾಜಮನೆತನದವರೂ ಕೊಟ್ಟೇ ಮುಂದೆ ಸಾಗಬೇಕು. ಉಪ್ಪಿನ ಋಣದ ಮಾತಾಡುವ ನಮಗೆ ಇದು ತೀರ ಅಪರಿಚಿತವೆನಿಸದು. ನಮ್ಮ ಬಡ ಹುಡುಗರು ವಾರಾನ್ನ ಉಂಡು ಓದಿದ್ದೂ ಪರರ ಉಪ್ಪಿನಿಂದಲೇ.

ಸಂಗ್ರಹ ಸಾವಿರ ಪೌಂಡು ದಾಟಿದ್ದುಂಟು. ಆದರೆ ಆ ದಿನದ ಊಟೋಪಚಾರ, ಹುಡುಗರು ಕತ್ತಿ ಬೀಸಿ ಕೆಡಿಸಿದ ಹೋಟೆಲಿನ ತೋಟದ ದಂಡ, ಎಲ್ಲವೂ ಮುಂದಾಳಿನ ಲೆಕ್ಕಕ್ಕೇ. ಯಾರ ಓದಿಗಾಗಿ ಬೇಡಿದರೋ ಅವನ ಪಾಲನ್ನು ಹಬ್ಬವೇ ತಿನ್ನುತ್ತಿತ್ತು. ಸಾಲದ್ದಕ್ಕೆ ರೈಲು ಬಂತು, ಲಂಡನ್ನಿನ ಜನಜಂಗುಳಿ ನುಗ್ಗಿತು. 1844ರದೇ ಕೊನೆಯ ಮಾಂಟೆಮ್. 1847ರಲ್ಲಿ ಮುಖ್ಯೋಪಾಧ್ಯಾಯ ಹಾಟ್ರಿ ಅವರ ಕಾಲದಲ್ಲಿ ಅದನ್ನು ರದ್ದುಮಾಡಲಾಯಿತು.

ದಿಬ್ಬ ಮಾತ್ರ ಸ್ಲೋನಲ್ಲಿ ಇಂದೂ ಇದೆ. ಅದು ಆಂಗ್ಲೋ-ಸ್ಯಾಕ್ಸನ್ ಕಾಲದ್ದು, ಶಾಲೆಗಿಂತ ಎಷ್ಟೋ ಶತಮಾನ ಹಳೆಯದು ಎಂದು ಈಚಿನ ಪರೀಕ್ಷೆಗಳು ತೋರಿಸಿವೆ.