ನೀರು, ಭತ್ತ, ಸುಂಕ: ಕೊಪ್ಪಳದಿಂದ ಕಾಣುವ ಪ್ಲಾಸ್ಟಿಕ್ ಮಾರುಕಟ್ಟೆ

ಪ್ಲಾಸ್ಟಿಕ್ ಉದ್ಯಮದ ನಾಳೆಯನ್ನು ಹೇಳುವ ವರದಿಗಳು ಬಹುಪಾಲು ಒಂದೇ ಅಂಕಿಯಿಂದ ಶುರುವಾಗುತ್ತವೆ. ಭಾರತದಲ್ಲಿ ಒಬ್ಬರು ವರ್ಷಕ್ಕೆ ಬಳಸುವ ಪ್ಲಾಸ್ಟಿಕ್ ಸುಮಾರು 11 ಕಿಲೋ, ಜಗತ್ತಿನ ಸರಾಸರಿ 28 ಕಿಲೋ, ಅಮೆರಿಕದಲ್ಲಿ 100 ಕಿಲೋಗೂ ಹೆಚ್ಚು ಎಂದು ಉದ್ಯಮ ಸಂಘಗಳು ಸುಮಾರು ಒಂದು ದಶಕದಿಂದ ಹೇಳುತ್ತ ಬಂದಿವೆ. ಅಂಕಿಗಳು ಈಚೆಗೆ ಒಂದಿಷ್ಟು ಮೇಲೇರಿವೆ. ಅವುಗಳಿಂದ ಎಳೆಯುವ ತೀರ್ಮಾನ ಮಾತ್ರ ಹಳೆಯದೇ. ಅಂತರ ಇಷ್ಟು ದೊಡ್ಡದಿದೆ, ಆದ್ದರಿಂದ ಬೆಳೆಯುವುದಕ್ಕೆ ಜಾಗವೂ ಅಷ್ಟಿದೆ ಎಂಬುದು ಆ ತೀರ್ಮಾನ. ಈ ತರ್ಕಕ್ಕೆ ಒಂದು ಕೊರತೆ ಇದೆ. ಸರಾಸರಿ ಮನುಷ್ಯನಿಗೆ ಯಾರೂ ಪೈಪು ಮಾರುವುದಿಲ್ಲ. ಒಂದು ವಸ್ತುವನ್ನು ಕೊಳ್ಳುವವರು ಯಾರು, ಅದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ, ಒಮ್ಮೆ ಕೊಂಡದ್ದು ಎಷ್ಟು ವರ್ಷ ಬಾಳುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಮಾತ್ರ ಮಾರುಕಟ್ಟೆಯ ನಡೆ ತಿಳಿಯುತ್ತದೆ. ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಕೊಪ್ಪಳ ಜಿಲ್ಲೆ ಒಳ್ಳೆಯ ತಾಣ. ಇಲ್ಲಿ ಎಣ್ಣೆ ಬಾವಿ ಇಲ್ಲ, ತೈಲಾಗಾರ ಇಲ್ಲ. ಆದರೆ ಪ್ಲಾಸ್ಟಿಕ್ ಬೇಡಿಕೆಯ ಮೂರು ಬೇರೆ ಬೇರೆ ಬಗೆಗಳು ಒಂದೇ ಜಿಲ್ಲೆಯಲ್ಲಿವೆ. ಕುಷ್ಟಗಿ, ಯಲಬುರ್ಗಾಗಳದ್ದು ನೀರಿನ ಪ್ಲಾಸ್ಟಿಕ್, ಗಂಗಾವತಿಯದ್ದು ಅಕ್ಕಿಯ ಪ್ಲಾಸ್ಟಿಕ್, ಭಾನಾಪುರದ್ದು ಆಟಿಕೆಯ ಪ್ಲಾಸ್ಟಿಕ್. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ತಿಳಿಯುವುದು ಇಷ್ಟು: ಬೇಡಿಕೆ ನಿಜವಾದದ್ದೇ, ಆದರೆ ಅದು ಜನರ ಕೊಳ್ಳುವ ಶಕ್ತಿಗಿಂತ ಹೆಚ್ಚಾಗಿ ಮಳೆ, ಸಹಾಯಧನ ಮತ್ತು ತೆರಿಗೆಗಳ ಮೇಲೆ ನಿಂತಿದೆ. ಹಾಗಾಗಿ ಕಾರ್ಖಾನೆ ಕಟ್ಟುವವರು ತಲಾ ಬಳಕೆಗಿಂತ ಮೊದಲು ನೋಡಬೇಕಾದದ್ದು ಈ ಮೂರನ್ನು.

ಮೊದಲು ನೀರಿನದು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆ. ತುಂಗಭದ್ರಾ ಕಾಲುವೆಯ ನೀರು ಈ ಎತ್ತರಕ್ಕೆ ತಾನಾಗಿ ಹರಿದು ಬರುವುದಿಲ್ಲ. ಬೋರ್‌ವೆಲ್ ನೀರು ಅಲ್ಪ, ಅನೇಕ ಕಡೆ ಫ್ಲೋರೈಡ್ ಇರುವಂಥದ್ದು. ಸಿಕ್ಕ ನೀರನ್ನು ಸೋರದಂತೆ ದಾಳಿಂಬೆ ಗಿಡದ ಬುಡಕ್ಕೆ ಮುಟ್ಟಿಸಬೇಕು, ಕುಡಿಯುವ ನೀರನ್ನು ದೂರದ ನದಿಯಿಂದ ತರಬೇಕು. ಎರಡಕ್ಕೂ ಪ್ಲಾಸ್ಟಿಕ್ ಕೊಳವೆಯಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ನೆಲದಡಿಯ ಪಿವಿಸಿ ಪೈಪ್‌ಲೈನು, ಅದರಿಂದ ಕವಲೊಡೆಯುವ ಪಾಲಿಎಥಿಲೀನಿನ ಲ್ಯಾಟರಲ್ ಎಂಬ ತೆಳು ಕೊಳವೆ, ಕೆಲವು ಬೆಳೆಗಳಿಗೆ ಸಾಲಿನ ಮೇಲೆ ಹಾಸುವ ಮಲ್ಚಿಂಗ್ ಪೇಪರ್, ಬೀಜೋತ್ಪಾದನೆಯ ನೆರಳು ಮನೆಗಳ ಬಲೆ ಇವೆಲ್ಲ ಶೋಕಿಗೆ ಕೊಂಡವಲ್ಲ. ಕುಷ್ಟಗಿಗೆ ತಾಗಿದ ಹುನಗುಂದ ತಾಲ್ಲೂಕಿನಲ್ಲಿ ರಾಮಥಾಳ ಯೋಜನೆಯಡಿ 24,000 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸಲು ಸರ್ಕಾರವೇ ಮುಂದಾದದ್ದು ಈ ಬೇಡಿಕೆಯ ಗಾತ್ರಕ್ಕೆ ಸಾಕ್ಷಿ.

ಆದರೆ ಈ ಬೇಡಿಕೆಯ ಹಿಂದಿರುವ ದುಡ್ಡನ್ನು ನೋಡಿ. ರಾಜ್ಯದಲ್ಲಿ ಹನಿ ನೀರಾವರಿಗೆ ಶೇ. 90ರವರೆಗೂ ಸಹಾಯಧನ ಕೊಟ್ಟ ವರ್ಷಗಳಿವೆ. ಅದೇ ಜಮೀನಿಗೆ ಎರಡನೇ ಬಾರಿ ಸಹಾಯಧನ ಸಿಗಬೇಕಾದರೆ ಏಳು ವರ್ಷ ಕಾಯಬೇಕು. ಹೀಗಾಗಿ ಲ್ಯಾಟರಲ್ ಕೊಳ್ಳುವ ಕಾಲವನ್ನು ಬೆಳೆಗಿಂತ ಹೆಚ್ಚಾಗಿ ಅರ್ಜಿ ಮಂಜೂರಾಗುವ ದಿನ ಗೊತ್ತುಮಾಡುತ್ತದೆ. ಕುಡಿಯುವ ನೀರಿನ ಕೊಳವೆಯ ಕಥೆ ಇನ್ನೂ ಸ್ಪಷ್ಟ. 2019ರಲ್ಲಿ ಶುರುವಾದ ಜಲಜೀವನ ಯೋಜನೆ ದೇಶದ ಪೈಪು ಕಾರ್ಖಾನೆಗಳಿಗೆ ದೊಡ್ಡ ಗಿರಾಕಿಯಾಯಿತು. 2024-25ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 70,163 ಕೋಟಿ ರೂಪಾಯಿ ತೆಗೆದಿಟ್ಟಿದ್ದರು. ಪರಿಷ್ಕೃತ ಅಂದಾಜಿನಲ್ಲಿ ಅದು 22,694 ಕೋಟಿಗೆ ಇಳಿಯಿತು. ಆ ವರ್ಷ ಹಳ್ಳಿಗಳ ದಾಹ ಮೂರನೇ ಒಂದು ಭಾಗಕ್ಕೆ ಇಳಿದಿರಲಿಲ್ಲ, ಇಳಿದದ್ದು ಹಣ ಬಿಡುಗಡೆ. ತೋಟಗಾರಿಕೆಯಲ್ಲೂ ಹೀಗೆಯೇ. ದುಂಡಾಣು ಅಂಗಮಾರಿ ರೋಗ ಬಿದ್ದು ದಾಳಿಂಬೆ ತೋಟ ಕಿತ್ತ ರೈತ ಹೊಸ ಲ್ಯಾಟರಲ್ ಕೊಳ್ಳುವುದಿಲ್ಲ, ಇದ್ದದ್ದನ್ನೇ ಸುತ್ತಿ ಮಾರುತ್ತಾನೆ. ಅದೂ ಅಲ್ಲದೆ ನೆಲದಡಿ ಹೂತ ಒಳ್ಳೆಯ ಪಿವಿಸಿ ಪೈಪು ಹಲವು ದಶಕ ಬಾಳುತ್ತದೆ. ಒಮ್ಮೆ ಹಾಕಿದ ಹೊಲದಲ್ಲಿ ಆ ಗಿರಾಕಿ ಮತ್ತೆ ಬರುವುದು ಮಗನ ಕಾಲಕ್ಕೆ. ಮೊದಲ ಸುತ್ತಿನ ಮಾರಾಟವನ್ನೇ ವಾರ್ಷಿಕ ಬೆಳವಣಿಗೆ ಎಂದು ಮುಂದಿನ ಇಪ್ಪತ್ತು ವರ್ಷಕ್ಕೆ ಗೆರೆ ಎಳೆದರೆ ಲೆಕ್ಕ ತಪ್ಪುತ್ತದೆ.

ಗಂಗಾವತಿಯ ಪ್ಲಾಸ್ಟಿಕ್ಕಿನ ಲೆಕ್ಕವೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಅದರ ಸುತ್ತ ಬೆಳೆದ ರೈಸ್ ಮಿಲ್ಲುಗಳು, ಅಲ್ಲಿಂದ ಊರೂರಿಗೆ ಹೋಗುವ ಸೋನಾಮಸೂರಿ, ಇವುಗಳ ಜೊತೆಗೆ ಪಾಲಿಪ್ರೊಪಿಲೀನ್ ದಾರದಿಂದ ನೇಯ್ದ ಚೀಲವೂ ಪ್ರಯಾಣ ಮಾಡುತ್ತದೆ. ಪೈಪು ದಶಕಗಳ ಸರಕಾದರೆ ಅಕ್ಕಿ ಚೀಲ ತಿಂಗಳುಗಳದು. ಪ್ರತಿ ಸುಗ್ಗಿಗೂ ಹೊಸದು ಬೇಕು. ಮಾರುವವನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗಲಾರದು ಅನ್ನಿಸುತ್ತದೆ. ಆದರೆ ಈ ಚೀಲದ ಮೇಲೂ ಕಾನೂನಿನ ಅಚ್ಚು ಬಿದ್ದಿದೆ. 1987ರ ಸೆಣಬು ಪ್ಯಾಕಿಂಗ್ ಕಾಯ್ದೆಯ ಬಲದಿಂದ ಸರ್ಕಾರ ಖರೀದಿಸುವ ಧಾನ್ಯದ ಬಹುಪಾಲು ಗೋಣಿಚೀಲಕ್ಕೆ ಹೋಗುತ್ತದೆ, ಪ್ಲಾಸ್ಟಿಕ್ ಚೀಲದ ಪಾಲಿಗೆ ಉಳಿಯುವುದು ಮುಖ್ಯವಾಗಿ ಖಾಸಗಿ ವ್ಯಾಪಾರ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕೆಟ್ ಅಕ್ಕಿಗೆ ಶೇ. 5 ಜಿಎಸ್‌ಟಿ ಬಿದ್ದಾಗ, ಅಂಗಡಿಗಳಿಗೆ 26 ಕಿಲೋ ಚೀಲ ಬಂತು. ತೂಕ ಒಂದು ಕಿಲೋ ಏರಿದ್ದಕ್ಕೆ ಉಣ್ಣುವವರ ಹಸಿವು ಕಾರಣವಾಗಿರಲಿಲ್ಲ. ಇನ್ನು ನೀರಿನ ಮಾತು: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ಮುಂದಿನ ವರ್ಷ ಎಲ್ಲ 33 ಗೇಟುಗಳನ್ನು ಬದಲಿಸಲೆಂದು ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಬೇಸಿಗೆ ಭತ್ತ ಇಲ್ಲದಿದ್ದರೆ ಮಿಲ್ಲಿಗೆ ಕೆಲಸ ಕಡಿಮೆ, ಚೀಲಕ್ಕೆ ಆರ್ಡರೂ ಕಡಿಮೆ. ಪೆಟ್ರೋಕೆಮಿಕಲ್ ವರದಿಗಳಲ್ಲಿ ಅಣೆಕಟ್ಟೆಯ ಗೇಟಿನ ಸ್ಥಿತಿಗೆ ಒಂದು ಅಧ್ಯಾಯ ಮೀಸಲಿರುವುದಿಲ್ಲ. ಗಂಗಾವತಿಯ ಚೀಲದ ವ್ಯಾಪಾರಿಗೆ ಅದೇ ಮೊದಲ ಅಧ್ಯಾಯ.

ಬೇಡಿಕೆ ಇಲ್ಲಿಯದು, ಬೆಲೆ ಮಾತ್ರ ಇಲ್ಲಿಯದಲ್ಲ. ಕರ್ನಾಟಕದಲ್ಲಿ ಪಾಲಿಪ್ರೊಪಿಲೀನ್ ತಯಾರಾಗುವುದು ಮಂಗಳೂರಿನ ತೈಲಾಗಾರ ಎಂಆರ್‌ಪಿಎಲ್‌ನಲ್ಲಿ, ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ ಘಟಕದಲ್ಲಿ. ಕಚ್ಚಾ ತೈಲದ ಭಾರವಾದ ಭಾಗವನ್ನು ಒಡೆದಾಗ ಹೊಮ್ಮುವ ಪ್ರೊಪಿಲೀನ್ ಅನಿಲವೇ ಅದರ ಮೂಲ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಉಪ್ಪಿನಿಂದ ಬರುವ ಕ್ಲೋರಿನ್, ಉಳಿದದ್ದು ಎಥಿಲೀನ್. ದೇಶಕ್ಕೆ ವರ್ಷಕ್ಕೆ ಸುಮಾರು 40 ಲಕ್ಷ ಟನ್ ಪಿವಿಸಿ ಬೇಕು. ಇಲ್ಲೇ ತಯಾರಾಗುವುದು ಅದರ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಹಡಗಿನಲ್ಲಿ ಬರುತ್ತದೆ. ಹಾಗಾಗಿ 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಟ್ಟಿ ಕಾರ್ಖಾನೆಗಳು ನಿಂತಾಗ ಇಲ್ಲಿ ಪೈಪು ತುಟ್ಟಿಯಾಯಿತು. ಚೀನಾದಲ್ಲಿ ಮನೆ ಕಟ್ಟುವುದು ಕುಸಿದು ಅಲ್ಲಿನ ಪಿವಿಸಿಗೆ ಗಿರಾಕಿ ಇಲ್ಲದಾದರೆ ಇಲ್ಲಿ ಪೈಪು ಸೋವಿಯಾಗುತ್ತದೆ. ಬ್ರೆಂಟ್ ತೈಲ 2020ರ ಏಪ್ರಿಲ್‌ನಲ್ಲಿ ಬ್ಯಾರೆಲಿಗೆ 20 ಡಾಲರಿಗಿಂತ ಕೆಳಗಿಳಿದಿತ್ತು, 2022ರ ಮಾರ್ಚ್‌ನಲ್ಲಿ 120 ಡಾಲರ್ ದಾಟಿತು. ಹೀಗೆ ಏರಿಳಿಯುವ ಕಚ್ಚಾಮಾಲನ್ನು ಕೊಂಡು, ಸರ್ಕಾರ ಗೊತ್ತುಮಾಡಿದ ದರಕ್ಕೆ ಮಾರುವ ಸಣ್ಣ ಕಾರ್ಖಾನೆದಾರನ ಲಾಭ ಎರಡು ಬೀಸುಗಲ್ಲಿನ ನಡುವಿನ ಕಾಳು.

ಹಾಗಿದ್ದರೆ ಕಚ್ಚಾಮಾಲನ್ನೇ ಇನ್ನಷ್ಟು ತಯಾರಿಸಬಾರದೇಕೆ ಎಂದು ಕೇಳಬಹುದು. ದೇಶದ ಮಟ್ಟಿಗೆ ಇದು ನ್ಯಾಯವಾದ ಪ್ರಶ್ನೆ. ಗುಜರಾತಿನ ಕರಾವಳಿಯಲ್ಲಿ ಆ ಕೆಲಸ ನಡೆದೂ ಇದೆ. ಒಳನಾಡಿನ ಜಿಲ್ಲೆಗೆ ಮಾತ್ರ ಅದು ಹೊಂದುವ ದಾರಿಯಲ್ಲ: ಬಂದರು ಬೇಕು, ಸಾವಿರಾರು ಕೋಟಿ ಬಂಡವಾಳ ಬೇಕು, ಅಷ್ಟೆಲ್ಲ ಹಾಕಿದ ಮೇಲೂ ಅದು ಕೊಡುವ ಕೆಲಸ ಬೆರಳೆಣಿಕೆಯದು. ಒಳನಾಡಿಗೆ ಒಪ್ಪುವುದು ಮಂಗಳೂರಿನಿಂದಲೋ ಗುಜರಾತಿನ ಹಜೀರಾದಿಂದಲೋ ಬಂದ ಪ್ಲಾಸ್ಟಿಕ್ ಕಾಳನ್ನು ಕರಗಿಸಿ ವಸ್ತು ಮಾಡುವ ಎರಡನೇ ಹಂತ. ಅದರಲ್ಲೂ ಎಲ್ಲ ವಸ್ತುಗಳೂ ಸಮನಲ್ಲ. ಪ್ಲಾಸ್ಟಿಕ್ ಕಾಳು ತುಂಬಿದ ಲಾರಿ ತೂಕದ ಸರಕು ಒಯ್ಯುತ್ತದೆ. ಪೈಪು ತುಂಬಿದ ಲಾರಿ ಬಹುಪಾಲು ಗಾಳಿಯನ್ನೇ ಒಯ್ಯುತ್ತದೆ. ದಪ್ಪ ಪೈಪು, ನೀರಿನ ಟ್ಯಾಂಕಿನಂಥ ಪೊಳ್ಳು ಸರಕಿಗೆ ಬಾಡಿಗೆ ಜಾಸ್ತಿ ಬೀಳುವುದರಿಂದ ಅವನ್ನು ಬಳಸುವ ಹೊಲದ ಹತ್ತಿರವೇ ತಯಾರಿಸುವುದು ಲಾಭ. ಚೀಲ ಮಡಚಿದರೆ ಚಪ್ಪಟೆ. ಅದು ಎಲ್ಲಿಂದಲಾದರೂ ಬರಬಲ್ಲದು, ಅದರಲ್ಲಿ ದೂರದ ದೊಡ್ಡ ಕಾರ್ಖಾನೆಯೊಂದಿಗೆ ಸ್ಪರ್ಧೆ ಕಠಿಣ. 2025ರ ಮೇ ತಿಂಗಳಲ್ಲಿ ಕುಕನೂರು, ಯಲಬುರ್ಗಾ ಹಾದು ಕುಷ್ಟಗಿಗೆ ರೈಲು ಮುಟ್ಟಿದೆ. ಕಾಳು ಬರುವುದಕ್ಕೆ ಸರಕು ಸಾಗಣೆಯ ಸೌಕರ್ಯವೂ ಜೊತೆಗೂಡಿದರೆ ನೀರಿನ ಪ್ಲಾಸ್ಟಿಕ್ಕಿಗೆ ಇಲ್ಲಿ ಗಟ್ಟಿ ನೆಲೆ ಸಿಗುತ್ತದೆ.

ಇಷ್ಟು ಸಾಧಾರಣ ಸರಕಿನ ಮಾತೇಕೆ, ಭಾನಾಪುರದ ಆಟಿಕೆ ಕ್ಲಸ್ಟರ್ ಇಲ್ಲವೇ ಎನ್ನುವವರಿದ್ದಾರೆ. ಯಲಬುರ್ಗಾದಿಂದ ಬೇರೆಯಾದ ಕುಕನೂರು ತಾಲ್ಲೂಕಿನಲ್ಲಿ, ಹುಬ್ಬಳ್ಳಿ–ಹೊಸಪೇಟೆ ಹೆದ್ದಾರಿಯ ಬದಿ, 400 ಎಕರೆಯಲ್ಲಿ ಬೆಳಗಾವಿಯ ಏಕಸ್ ಸಂಸ್ಥೆ ಕೈಗೊಂಡ ಈ ಯೋಜನೆಗೆ 2021ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದರು. 5,000 ಕೋಟಿ ರೂಪಾಯಿ ಹೂಡಿಕೆ, 40,000 ಉದ್ಯೋಗ ಎಂದು ಆಗ ಹೇಳಿದ್ದರು. ದೇಶದ ನೀತಿಯೂ ಪೂರಕವಾಗಿತ್ತು: ಆಟಿಕೆ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿ 1ರಿಂದ ಆಟಿಕೆಗೆ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ಸರ್ಕಾರದ ಲೆಕ್ಕದಂತೆ 2018-19ರಿಂದ 2021-22ರೊಳಗೆ ಆಮದು 371 ದಶಲಕ್ಷ ಡಾಲರಿನಿಂದ 110ಕ್ಕೆ ಇಳಿಯಿತು, ರಫ್ತು 202ರಿಂದ 326ಕ್ಕೆ ಏರಿತು. ಇದು ಸಣ್ಣ ಸಾಧನೆಯಲ್ಲ. ಆದರೂ ಆಮದು ಇಳಿದಷ್ಟು ರಫ್ತು ಏರಲಿಲ್ಲ ಎಂಬುದನ್ನು ಗಮನಿಸಬೇಕು. ಸುಂಕ ಹೊರಗಿನವರನ್ನು ತಡೆಯಬಲ್ಲದು, ಹೊರದೇಶದ ಗಿರಾಕಿಯನ್ನು ತರಲಾರದು. ಚೀನಾದ ಶಾಂತೌ ಊರಿನ ಚೆಂಗ್‌ಹಾಯ್‌ಯಂಥ ಕಡೆ ಅಚ್ಚು ಕೊರೆಯುವವರು, ಬಣ್ಣ ಹಾಕುವವರು, ಸ್ಪ್ರಿಂಗು, ಮೋಟಾರು, ಡಬ್ಬಿ ಮಾಡುವವರು ಅಕ್ಕಪಕ್ಕದಲ್ಲೇ ಇದ್ದಾರೆ. ಆ ನೆರೆ ಕೂಡಲು ದಶಕಗಳು ಹಿಡಿದಿವೆ. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರ ಮರದ ಗೊಂಬೆಯ ಕಸುಬು ಹಳೆಯದು, ಹೆಮ್ಮೆಯದು. ಆದರೆ ಆ ಕೈಚಳಕಕ್ಕೂ ಉಕ್ಕಿನ ಅಚ್ಚಿನಲ್ಲಿ ಪ್ಲಾಸ್ಟಿಕ್ ತುಂಬುವ ಕೆಲಸಕ್ಕೂ ಸಂಬಂಧ ತೆಳ್ಳಗಿನದು. ಭಾರತದ ಆಟಿಕೆ ರಫ್ತಿಗೆ ಅಮೆರಿಕ ದೊಡ್ಡ ಪೇಟೆ; 2025ರ ಆಗಸ್ಟ್‌ನಲ್ಲಿ ಅದು ಭಾರತದ ಸರಕಿನ ಮೇಲೆ ಶೇ. 50ರಷ್ಟು ಸುಂಕ ಹೇರಿದ್ದು ಈ ನೆಲೆ ಎಷ್ಟು ಅಲುಗಾಡಬಲ್ಲದು ಎಂಬುದನ್ನು ತೋರಿಸಿತು. ಆಟಿಕೆ ಕ್ಲಸ್ಟರ್ ಬೇಡವೆಂದು ಇದರರ್ಥವಲ್ಲ. ಜೋಡಿಸುವ, ಬಣ್ಣ ಹಾಕುವ ಕೆಲಸಕ್ಕೆ ಕೈಗಳು ಬೇಕು, ಹೆಣ್ಣುಮಕ್ಕಳಿಗೆ ಊರ ಹತ್ತಿರ ಸಂಬಳದ ಕೆಲಸ ಸಿಗುತ್ತದೆ. ಅದನ್ನು ನಿಧಾನವಾಗಿ ಬೇರೂರುವ ಉದ್ಯಮವೆಂದು ಎಣಿಸಬೇಕು. ಅಡಿಗಲ್ಲಿನ ದಿನದ ಸಂಖ್ಯೆಗಳ ಮೇಲೆ ಜಿಲ್ಲೆಯ ಲೆಕ್ಕ ನಿಲ್ಲಿಸಬಾರದು.

ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ. ಉಕ್ಕಿನ ಕಾರ್ಖಾನೆ ವಿಸ್ತರಣೆ ವಿರೋಧಿಸಿ 2025ರ ಫೆಬ್ರುವರಿಯಲ್ಲಿ ಕೊಪ್ಪಳ ಬಂದ್ ಆಯಿತು. ಹೊಗೆ, ಬೂದಿಯಲ್ಲಿ ಬೇಸತ್ತ ಊರಿನಲ್ಲಿ ಪ್ಲಾಸ್ಟಿಕ್ ಬೆಳೆಯಲೆಂದು ಬಯಸುವುದು ಸರಿಯೇ? ರಾಜ್ಯ 2016ರಲ್ಲೇ, ದೇಶ 2022ರ ಜುಲೈ 1ರಿಂದ, ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿವೆ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು, ಆದರೆ ಅದು ಎಲ್ಲ ಪ್ಲಾಸ್ಟಿಕ್ಕಿಗೂ ಒಂದೇ ತೂಕದಲ್ಲಿ ಅನ್ವಯಿಸುವುದಿಲ್ಲ. ಮೂವತ್ತು ವರ್ಷ ನೆಲದಡಿ ನೀರು ಹೊರುವ ಪೈಪು, ಒಂದು ಬೆಳೆಗೇ ಹರಿದು ಎರೆಮಣ್ಣಿನಲ್ಲಿ ಚೂರಾಗುವ ಮಲ್ಚಿಂಗ್ ಪೇಪರ್ ಎರಡನ್ನೂ ಒಂದೇ ಹೆಸರಿನಿಂದ ಕರೆದರೂ ಭೂಮಿಗೆ ಅವು ಬೇರೆ ಬೇರೆ. ಇಲ್ಲಿ ಕಾನೂನಿನಲ್ಲೊಂದು ಕಂಡಿ ಇದೆ. ತಯಾರಕರೇ ತ್ಯಾಜ್ಯವನ್ನು ಹಿಂದಕ್ಕೆ ಪಡೆಯಬೇಕು, ನಿಗದಿತ ಪಾಲು ಮರುಬಳಕೆ ಮಾಡಬೇಕು ಎಂದು 2022ರ ಫೆಬ್ರುವರಿಯ ನಿಯಮ ಹೇಳುವುದು ಪ್ಯಾಕಿಂಗ್ ಪ್ಲಾಸ್ಟಿಕ್ಕಿಗೆ. ಗಂಗಾವತಿಯ ಚೀಲ ಅದರೊಳಗೆ ಬರುತ್ತದೆ. ಕುಷ್ಟಗಿಯ ಹಳೆಯ ಲ್ಯಾಟರಲ್ಲಿಗೂ ಹರಿದ ಮಲ್ಚಿಂಗ್ ಪೇಪರಿಗೂ ಅದರಲ್ಲಿ ಹೊಣೆಗಾರರಿಲ್ಲ. ಸಹಾಯಧನದ ದುಡ್ಡಿನಲ್ಲಿ ಹೊಲಕ್ಕೆ ಬಂದ ಪ್ಲಾಸ್ಟಿಕ್, ಹೊಲ ಬಿಟ್ಟು ಹೋಗುವಾಗ ಯಾರದೂ ಆಗಿರುವುದಿಲ್ಲ. ಗುಜರಿಯವರು ತೂಕಕ್ಕೆ ಕೊಂಡದ್ದು ಬಿಟ್ಟರೆ ಉಳಿದದ್ದು ಬದುವಿನಲ್ಲಿ ಉರಿಯುತ್ತದೆ.

ಮಾರುಕಟ್ಟೆಯ ದೃಷ್ಟಿಯಿಂದಲೂ ಈ ಕಂಡಿಯಲ್ಲೇ ಜಿಲ್ಲೆಯ ಅವಕಾಶವಿದೆ. ಹೊಸ ಪ್ಲಾಸ್ಟಿಕ್ಕಿನ ಬೆಲೆ ಕೊಪ್ಪಳದ ಹಿಡಿತದಲ್ಲಿಲ್ಲ; ಹಳೆಯ ಲ್ಯಾಟರಲ್ ಎಷ್ಟಿದೆ, ಯಾವ ಹೊಲದಲ್ಲಿದೆ ಎಂಬುದು ಮಾತ್ರ ಇಲ್ಲಿನ ಇಲಾಖೆಯ ಕಡತದಲ್ಲೇ ಇದೆ, ಏಕೆಂದರೆ ಸಹಾಯಧನ ಕೊಟ್ಟದ್ದು ಸರ್ವೆ ನಂಬರಿನ ಮೇಲೆ. ಏಳು ವರ್ಷ ದಾಟಿ ಎರಡನೇ ಸಹಾಯಧನ ಕೇಳುವ ರೈತ ಹಳೆಯ ಲ್ಯಾಟರಲ್ ಒಪ್ಪಿಸಬೇಕು, ಅದರ ತೂಕಕ್ಕೆ ಬೆಲೆ ಕಟ್ಟಿ ಅವನ ವಂತಿಗೆಯಲ್ಲಿ ಕಳೆಯಬೇಕು ಎಂಬ ಒಂದೇ ನಿಯಮ ಬಂದರೆ ಮರುಬಳಕೆಯ ಕಾಳಿಗೆ ವರ್ಷವಿಡೀ ಸರಬರಾಜು ಸಿಗುತ್ತದೆ. ಮರುಬಳಕೆ ಮಾಲು ಕೀಳು, ಅದರ ಲ್ಯಾಟರಲ್ ಬಿಸಿಲಿಗೆ ಬಿರಿಯುತ್ತದೆ ಎಂಬ ದೂರು ಸುಳ್ಳಲ್ಲ. ಹಾಗೆಂದೇ ಆ ಕಾಳನ್ನು ಮತ್ತೆ ಲ್ಯಾಟರಲ್ಲಿಗೆ ಹಾಕದೆ, ವೈರಿನ ಹೊರಕೊಳವೆ, ಗಿಡದ ಕುಂಡದಂಥ ಒತ್ತಡ ಬೀಳದ ವಸ್ತುಗಳಿಗೆ ಬಳಸಬೇಕು. ಗುಣಮಟ್ಟದ ಪರೀಕ್ಷೆ, ಅಚ್ಚು ಕೊರೆಯುವ ತರಬೇತಿಗೆ ರಾಜ್ಯದಲ್ಲಿ ಮೈಸೂರಿನಲ್ಲಿ ಸಿಪೆಟ್ ಎಂಬ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ ಇದೆ. ಅಂಥದ್ದೊಂದು ಶಾಖೆ ಕಲ್ಯಾಣ ಕರ್ನಾಟಕದ ಈ ಭಾಗಕ್ಕೆ ಬಂದರೆ ಪೈಪಿಗೂ ಆಟಿಕೆಗೂ ಒಟ್ಟಿಗೆ ಪ್ರಯೋಜನ.

ಒಟ್ಟಿನಲ್ಲಿ, ಬೆಳೆಯುತ್ತಿರುವ ದೇಶದಲ್ಲಿ ಪ್ಲಾಸ್ಟಿಕ್ ಬಳಕೆ ಏರುತ್ತದೆ ಎಂಬ ಭವಿಷ್ಯ ತಪ್ಪಲ್ಲ, ಅಪೂರ್ಣ. ಅದು ಮೆಟ್ಟಿಲುಮೆಟ್ಟಿಲಾಗಿ, ನಡುನಡುವೆ ಮುಗ್ಗರಿಸಿ ಏರುತ್ತದೆ. ಸಹಾಯಧನ ನಿಂತ ವರ್ಷ, ಕಾಲುವೆ ಬತ್ತಿದ ವರ್ಷ, ಹೊರದೇಶದ ಸುಂಕ ಏರಿದ ವರ್ಷ ಕೆಳಗಿಳಿಯುತ್ತದೆ. ಕೆಳಗಿಳಿದ ವರ್ಷವನ್ನು ತಾಳಿಕೊಳ್ಳುವಷ್ಟು ಕಡಿಮೆ ಸಾಲ ಮಾಡಿದ, ಪೈಪು ಮಾರುವಷ್ಟೇ ಆಸಕ್ತಿಯಿಂದ ಹಳೆಯ ಪೈಪು ಕೊಳ್ಳುವ ಮಧ್ಯಮ ಗಾತ್ರದ ಘಟಕಗಳಿಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಭವಿಷ್ಯವಿದೆ. ಇಲ್ಲಿ ಹಣ ಹೂಡುವ ಮುನ್ನ ತೋಟಗಾರಿಕೆ ಇಲಾಖೆಯ ಅನುದಾನದ ಪಟ್ಟಿಯನ್ನೂ ತುಂಗಭದ್ರಾ ನೀರಾವರಿ ಸಲಹಾ ಸಮಿತಿಯ ತೀರ್ಮಾನವನ್ನೂ ಓದುವವನು, ತಲಾ 11 ಕಿಲೋ ಲೆಕ್ಕ ಹಿಡಿದು ಬರುವವನಿಗಿಂತ ಕಡಿಮೆ ನಷ್ಟಪಡುತ್ತಾನೆ.