ಗಂಟು ಸೌಮ್ಯವೆಂದು ತಿಳಿದ ಮೇಲೆ

“ಏನೂ ಇಲ್ಲವೆಂದು ಡಾಕ್ಟರೇ ಹೇಳಿದ ಮೇಲೆ ಮತ್ತೆ ಹೋಗುವುದೇಕೆ? ಕೊಯ್ಲಿನ ಆಳುಗಳನ್ನು ನೋಡುವವರಾರು?”

ಮೂಡಿಗೆರೆಯ ಸಮೀಪದ ನಮ್ಮ ಸಣ್ಣ ತೋಟದಲ್ಲಿ ಅರೇಬಿಕಾ ಹಣ್ಣು ಕೆಂಪೇರಿದ್ದ ಡಿಸೆಂಬರಿನಲ್ಲಿ ನನ್ನ ತಾಯಿಯವರು ಕೇಳಿದ ಪ್ರಶ್ನೆ ಇದು. ಅಕ್ಟೋಬರಿನಲ್ಲಿ ಅವರ ದವಡೆಯ ಕೆಳಗೆ ಗಂಟೊಂದು ಕಾಣಿಸಿಕೊಂಡಿತ್ತು. ಸೂಜಿಯಿಂದ ಜೀವಕೋಶಗಳನ್ನು ಹೀರಿ ಪರೀಕ್ಷಿಸಿದಾಗ, ಅದು ಸೋಂಕಿಗೆ ಪ್ರತಿಕ್ರಿಯೆಯಾಗಿ ಊದಿಕೊಂಡ ದುಗ್ಧಗ್ರಂಥಿ, ಸೌಮ್ಯವಾದುದು ಎಂದು ವರದಿ ಬಂದಿತು. ಆರು ವಾರಗಳ ಬಳಿಕ ಮತ್ತೊಮ್ಮೆ ಅಳತೆ ಮಾಡಿಸಬೇಕೆಂದು ವೈದ್ಯರು ಚೀಟಿಯ ಕೊನೆಯಲ್ಲಿ ಬರೆದಿದ್ದರು. ಆ ಒಂದು ಸಾಲನ್ನು ಮನೆಯಲ್ಲಿ ಯಾರೂ ಲಕ್ಷಿಸಲಿಲ್ಲ. ಅಳತೆಯ ಶಾಸ್ತ್ರವನ್ನೇ ಬೋಧಿಸಿ ಹೊಟ್ಟೆ ಹೊರೆಯುವ ನಾನೂ ಲಕ್ಷಿಸಲಿಲ್ಲ.

ನಮ್ಮ ದೇಹದಲ್ಲಿ ಸುಮಾರು 600 ದುಗ್ಧಗ್ರಂಥಿಗಳಿವೆ. ಅಂಗಾಂಶಗಳ ನಡುವೆ ಜಿನುಗುವ ದ್ರವವು ದುಗ್ಧನಾಳಗಳಲ್ಲಿ ಹರಿದು ಮರಳಿ ರಕ್ತವನ್ನು ಸೇರುವ ಮುನ್ನ ಈ ಗ್ರಂಥಿಗಳಲ್ಲಿ ಸೋಸಲ್ಪಡುತ್ತದೆ. ರೋಗಾಣುಗಳು ಬಂದಾಗ ಅಲ್ಲಿನ ಬಿಳಿಯ ರಕ್ತಕಣಗಳು ವೃದ್ಧಿಹೊಂದುವುದರಿಂದ ಗ್ರಂಥಿಯು ಊದಿಕೊಳ್ಳುತ್ತದೆ. ಮಳೆಗಾಲದಲ್ಲಿ ಉಂಬಳ ಕಚ್ಚಿದ ಕಡೆ ಕೆರೆದು ಕೀವಾದರೆ ತೊಡೆಸಂದಿನಲ್ಲಿ ಗಂಟು ಕಟ್ಟುವುದನ್ನು ಕಳಸದ ಕಡೆಯ ಯಾವ ತೋಟದವರೂ ಬಲ್ಲರು. ಹುಳುಕು ಹಲ್ಲು ದವಡೆಯಡಿಯ ಗ್ರಂಥಿಯನ್ನು ಕೆರಳಿಸುತ್ತದೆ. ಇಂಥ ಗಂಟುಗಳು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ.

ಹಾಗಾದರೆ ಮರುಪರೀಕ್ಷೆ ಏತಕ್ಕೆ? ಕಾಫಿ ಕೊಳ್ಳುವ ವ್ಯಾಪಾರಿಯು ಮೂಟೆಯಿಂದ ಒಂದು ಹಿಡಿ ಬೀಜವನ್ನು ತೆಗೆದು ನೋಡುತ್ತಾನೆ. ಆ ಹಿಡಿಯಲ್ಲಿ ಹುಳುಕಿಲ್ಲವೆಂದ ಮಾತ್ರಕ್ಕೆ ಮೂಟೆಯ ತಳದಲ್ಲಿಯೂ ಇಲ್ಲವೆಂದು ಅವನು ಪ್ರಮಾಣ ಮಾಡಲಾರನು. ಸೂಜಿಯ ತುದಿಗೆ ಬಂದ ಜೀವಕೋಶಗಳೂ ಹಾಗೆಯೇ. ಕ್ಷಯವಾಗಲಿ, ಲಿಂಫೋಮಾ ಎಂಬ ಅರ್ಬುದವಾಗಲಿ ಒಮ್ಮೊಮ್ಮೆ ಸೂಜಿಗೆ ಸಿಕ್ಕದೆ ತಪ್ಪಿಸಿಕೊಳ್ಳುವುದುಂಟು. ಸೌಮ್ಯವಾದ ಗಂಟು ಕುಗ್ಗಬೇಕು, ಇಲ್ಲವೆ ಇದ್ದಂತೆಯೇ ಇರಬೇಕು. ಅದನ್ನು ತೋರಿಸಿಕೊಡಬಲ್ಲದ್ದು ಕಾಲ ಮಾತ್ರ.

ಜನವರಿಯಲ್ಲಿ, ಎಂದರೆ ಗಡುವು ಮೀರಿ ಒಂದು ತಿಂಗಳಾದ ಮೇಲೆ, ಹತ್ತಿರದ ಬೇರೊಂದು ಕಡೆ ಸ್ಕ್ಯಾನ್ ಮಾಡಿಸಿದೆವು. ಮೊದಲು 9 ಮಿಲಿಮೀಟರ್ ಇದ್ದ ಗಂಟಿನ ದಪ್ಪ ಈಗ 11 ಮಿಲಿಮೀಟರ್! ಕತ್ತಿನ ಗ್ರಂಥಿಯ ದಪ್ಪಕ್ಕೆ 10 ಮಿಲಿಮೀಟರನ್ನು ಸ್ಥೂಲವಾದ ಎಲ್ಲೆಯೆಂದು ಗಣಿಸುವುದು ವಾಡಿಕೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಘನಗಾತ್ರವು ಅಳತೆಯ ಮೂರನೆಯ ಘಾತಕ್ಕೆ ಅನುಗುಣವಾಗಿರುತ್ತದೆಂಬುದನ್ನು ವಾಚಕರು ಬಲ್ಲರು. 9ರ ಘನ 729, 11ರ ಘನ 1331. ಎಲ್ಲ ದಿಕ್ಕಿಗೂ ಸಮನಾಗಿ ಬೆಳೆದಿದ್ದರೆ ಗಂಟು ಒಂದೂಮುಕ್ಕಾಲು ಪಟ್ಟನ್ನೂ ಮೀರಿತ್ತು!

ಆದರೆ ಅಳೆದುದು ಹೇಗೆ ಎಂಬುದನ್ನು ಮೊದಲು ಯೋಚಿಸಬೇಕಾಗಿತ್ತು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು 1880ರಲ್ಲಿ ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯರ್ ಕಂಡುಹಿಡಿದರು. ಇದರ ವಿಲೋಮ ಕ್ರಿಯೆಯಿಂದ, ವಿದ್ಯುತ್ತನ್ನು ಊಡಿ ಕಂಪಿಸುವಂತೆ ಮಾಡಿದ ವಸ್ತುವು ಸೆಕೆಂಡಿಗೆ ಒಂದು ಕೋಟಿ ಕಂಪನಗಳ ಶ್ರವಣಾತೀತ ಧ್ವನಿಯನ್ನು ದೇಹದೊಳಕ್ಕೆ ಕಳುಹಿಸಬಲ್ಲದು. ಮೃದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಭಾಗಿಸಿ ನೋಡಿದರೆ ಅಲೆಯುದ್ದ 0.15 ಮಿಲಿಮೀಟರಿನಷ್ಟು. ಆದ್ದರಿಂದ ಯಂತ್ರದ ಸೂಕ್ಷ್ಮತೆಗೆ ಕೊರತೆಯಿಲ್ಲ. ತೊಡಕು ಇರುವುದು ಕೈಯಲ್ಲಿ. ಗ್ರಂಥಿಯು ಅವರೆಬೀಜದಂತೆ ಉದ್ದುದ್ದವಾದುದು. ಸೌತೆಕಾಯಿಯನ್ನು ಓರೆಯಾಗಿ ಕೊಯ್ದರೆ ಬಿಲ್ಲೆ ದೊಡ್ಡದಾಗುವಂತೆ, ಶೋಧಕವನ್ನು ತುಸು ಓರೆಯಾಗಿ ಹಿಡಿದರೆ ದಪ್ಪವೂ ಹೆಚ್ಚಾಗಿ ಕಾಣುತ್ತದೆ. ಎರಡು ಮಿಲಿಮೀಟರಿನ ವ್ಯತ್ಯಾಸವು ರೋಗದ್ದೋ ಕೈಯದ್ದೋ ಎಂಬುದನ್ನು ಎರಡು ಅಂಕಿಗಳಿಂದ ನಿರ್ಣಯಿಸುವುದು ಸಾಧ್ಯವಿಲ್ಲ.

ಅಳತೆಗಿಂತ ಆಕಾರವೇ ಹಲವು ವೇಳೆ ಹೆಚ್ಚು ಹೇಳುತ್ತದೆ. ಸೌಮ್ಯ ಗ್ರಂಥಿಯು ಸಾಮಾನ್ಯವಾಗಿ ಉದ್ದುದ್ದವಾಗಿಯೇ ಉಳಿದು, ನಡುವೆ ಕೊಬ್ಬಿನ ಬಿಳಿಯ ಗೆರೆಯನ್ನು ತೋರುತ್ತದೆ. 1842ರಲ್ಲಿ ಡಾಪ್ಲರ್ ವಿವರಿಸಿದ ಪರಿಣಾಮದ ನೆರವಿನಿಂದ ರಕ್ತದ ಹರಿವನ್ನು ನೋಡಿದರೆ, ಅದು ಆ ನಡುವಿನಿಂದಲೇ ಕವಲೊಡೆದಿರುತ್ತದೆ. ಗ್ರಂಥಿಯು ಗುಂಡಗಾಗಿ, ಬಿಳಿಗೆರೆ ಅಳಿಸಿ, ರಕ್ತವು ಅಂಚಿನಿಂದ ನುಗ್ಗತೊಡಗಿದರೆ ವೈದ್ಯರು ಸೂಜಿಯ ವರದಿಯನ್ನು ನೆಚ್ಚಿ ಕೂರುವುದಿಲ್ಲ. ಗ್ರಂಥಿಯನ್ನು ಇಡಿಯಾಗಿ ತೆಗೆದು ಪರೀಕ್ಷಿಸುತ್ತಾರೆ. ಗಂಟು ಕಲ್ಲಿನಂತೆ ಗಟ್ಟಿಯಾದರೆ, ಕೊರಳೆಲುಬಿನ ಮೇಲೆ ಕಾಣಿಸಿದರೆ, ಜ್ವರ ಬಿಡದಿದ್ದರೆ, ರಾತ್ರಿ ಬಟ್ಟೆ ತೊಯ್ಯುವಂತೆ ಬೆವರಿದರೆ, ಕಾರಣವಿಲ್ಲದೆ ತೂಕ ಇಳಿದರೆ ಗೊತ್ತಾದ ದಿನಕ್ಕಾಗಿ ಕಾಯಬಾರದು. ಗಂಟು ಕರಗಲೆಂದು ಯಾರದೋ ಮಾತು ಕೇಳಿ ಸ್ಟೆರಾಯ್ಡ್ ಮಾತ್ರೆ ನುಂಗುವುದಂತೂ ಕೂಡದು. ಅದು ಲಿಂಫೋಮಾವನ್ನು ತಾತ್ಕಾಲಿಕವಾಗಿ ಕುಗ್ಗಿಸಿ ಪರೀಕ್ಷೆಯನ್ನೇ ದಾರಿ ತಪ್ಪಿಸಬಲ್ಲದು.

ಮಲೆನಾಡಿನವರಿಗೆ ಇನ್ನೊಂದು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯಲ್ಲಿಯೂ ಕತ್ತು ಕಂಕುಳುಗಳ ಗ್ರಂಥಿಗಳು ಊದುವುದುಂಟು. ಬೇಸಗೆಯ ದಿನಗಳಲ್ಲಿ ಕಾಡಿಗೆ ಹೋಗಿ ಬಂದವರಿಗೆ ತೀವ್ರ ಜ್ವರ, ತಲೆನೋವು ಬಂದರೆ ಅದು ಆರು ವಾರ ಕಾದು ನೋಡುವ ಗಂಟಲ್ಲ; ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಫೆಬ್ರವರಿಯ ಕೊನೆಯಲ್ಲಿ ತಾಯಿಯವರನ್ನು ಮೊದಲಿನ ಸ್ಥಳಕ್ಕೇ ಕರೆದೊಯ್ದೆನು. ಹಳೆಯ ಚಿತ್ರಗಳನ್ನು ಮುಂದಿಟ್ಟುಕೊಂಡು, ಅದೇ ಯಂತ್ರದಿಂದ, ಅದೇ ವೈದ್ಯರು ಅಳೆದರು: 8 ಮಿಲಿಮೀಟರ್. ನಡುವಿನ ಬಿಳಿಗೆರೆ ಸ್ಪಷ್ಟವಾಗಿತ್ತು. ದಿನಕ್ಕೆ ಹತ್ತು ಬಾರಿ ಒತ್ತಿ ನೋಡಬಾರದು, ತಿಂಗಳಿಗೊಮ್ಮೆ ಮುಟ್ಟಿ ನೋಡಿದರೆ ಸಾಕು, ಹುಳುಕು ಹಲ್ಲನ್ನು ಮಾತ್ರ ತಪ್ಪದೆ ತೋರಿಸಬೇಕು ಎಂದರು. ಮೂರು ತಿಂಗಳ ಬಳಿಕದ ಅಳತೆ 6 ಮಿಲಿಮೀಟರ್. ಇನ್ನು ಬರಬೇಕಾಗಿಲ್ಲವೆಂದು ಚೀಟಿಯಲ್ಲಿ ಬರೆದುಕೊಟ್ಟರು. ಅಷ್ಟು ಹೊತ್ತಿಗೆ ಹೂಮಳೆ ಬಿದ್ದು ಗಿಡಗಳಲ್ಲಿ ಕಾಯಿ ಕಚ್ಚಿತ್ತು. ತಾಯಿಯವರು ನಾಲ್ಕೂ ವರದಿಗಳನ್ನು ತೋಟದ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡಿದ್ದಾರೆ. ಹಲ್ಲನ್ನು ಮಾತ್ರ ಇನ್ನೂ ತೋರಿಸಿಲ್ಲ.